ಐದುನೂರು ರೆಕಾರ್ಡು, ಒಂದು ಲೆಕ್ಕದ ಪುಸ್ತಕ

ನಾನು ನಡೆಸುವ ಪುಟ್ಟ ಲೇಬಲ್ಲಿನ, ಅಂದರೆ ರೆಕಾರ್ಡು ಹೊರತರುವ ಸಂಸ್ಥೆಯ, ಮೊದಲ ರೆಕಾರ್ಡು ಹೊರಬಂದದ್ದು 1996ರ ಅಕ್ಟೋಬರಿನಲ್ಲಿ. ಏಳು ಇಂಚಿನ ಕಪ್ಪು ತಟ್ಟೆ, ಬದಿಗೆ ನಾಲ್ಕರಂತೆ ಎಂಟು ಹಾಡು, ಎಂಟನ್ನೂ ಕೂಡಿಸಿದರೆ ಒಂಬತ್ತು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ. ಅಚ್ಚು ಹಾಕಿಸಿದ್ದು 500 ಪ್ರತಿ, ತಗುಲಿದ ಖರ್ಚು 655 ಡಾಲರ್. ಆ ಹಣವಷ್ಟೂ ನಮ್ಮ ತಂಡದ ಎರಡು ವರ್ಷಗಳ ಕಛೇರಿಗಳಿಂದ ಬಂದದ್ದು, ಮತ್ತು ಅಷ್ಟು ದಿನವೂ ಅದು ಅಮ್ಮ ಮೈಸೂರಿನಿಂದ ಚಕ್ಕುಲಿ ತುಂಬಿ ಕಳಿಸಿದ್ದ ಒಂದು ತಗಡಿನ ಡಬ್ಬದಲ್ಲಿ ಬಿದ್ದಿತ್ತು. ನೆಲಮಾಳಿಗೆಯಲ್ಲಿ ನಲವತ್ತು ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗ ಇಪ್ಪತ್ತು ನಿಮಿಷ ನುಡಿಸುವ ಪಂಕ್ ಕಾರ್ಯಕ್ರಮವನ್ನು ಕಛೇರಿ ಎಂದು ಕರೆಯುವುದಕ್ಕೆ ನನ್ನ ಕನ್ನಡದ ಗೆಳೆಯರು ನಗುತ್ತಾರೆ. ಮೃದಂಗ ಹಿಡಿದು ಬೆಳೆದ ನನಗೆ ಬೇರೆ ಪದ ಬಾಯಿಗೆ ಬರುವುದಿಲ್ಲ.

ಹಾರ್ಡ್‌ಕೋರ್ ಪಂಕ್ ಎಂಬುದನ್ನು ಕೇಳದವರಿಗಾಗಿ ಒಂದೆರಡು ಮಾತು. 1970ರ ದಶಕದ ಪಂಕ್ ಸಂಗೀತವನ್ನು ಅಮೆರಿಕದ ಹದಿಹರೆಯದವರು ಇನ್ನಷ್ಟು ವೇಗಕ್ಕೆ, ಇನ್ನಷ್ಟು ಚಿಕ್ಕದಾಗಿ, ಅಲಂಕಾರವನ್ನೆಲ್ಲ ಕಿತ್ತುಹಾಕಿ ನುಡಿಸತೊಡಗಿದಾಗ ಹುಟ್ಟಿದ್ದು ಅದು. ಗಿಟಾರ್, ಬಾಸ್, ಡ್ರಮ್ಸ್ ಮತ್ತು ಕೂಗಿ ಹಾಡುವ ಒಂದು ಗಂಟಲು ಇದ್ದರೆ ತಂಡವಾಯಿತು. ಹಾಡು ಒಂದು ನಿಮಿಷ ದಾಟಿದರೆ ದೀರ್ಘವೇ. ಇಂಥ ಸಂಗೀತವನ್ನು ದೊಡ್ಡ ಕಂಪನಿಗಳು ಮುಟ್ಟುತ್ತಿರಲಿಲ್ಲವಾದ್ದರಿಂದ, ರೆಕಾರ್ಡು ಬೇಕೆಂದವರು ತಾವೇ ಲೇಬಲ್ ಕಟ್ಟಿಕೊಳ್ಳಬೇಕಾಯಿತು. ನಾನು ಮೂರು ತಂಡಗಳಲ್ಲಿ ಡ್ರಮ್ಸ್ ನುಡಿಸಿದ್ದೇನೆ, ಮೂರೂ ಒಡೆದುಹೋದವು. ಲೇಬಲ್ ಮಾತ್ರ ಮೇರಿಲ್ಯಾಂಡಿನ ನಮ್ಮ ಮನೆಯ ಒಂದು ಕಪಾಟಿನಲ್ಲಿ ಇನ್ನೂ ಉಸಿರಾಡುತ್ತಿದೆ, ಮತ್ತು ಈ ಬರಹ ಹೆಚ್ಚಾಗಿ ಆ ಕಪಾಟಿನ ಕುರಿತು.

ನಾನು 1990ರ ಆಗಸ್ಟಿನಲ್ಲಿ ಎಂ.ಎಸ್. ಓದಲು ಕಾಲೇಜ್ ಪಾರ್ಕಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದೆ. ವಾಷಿಂಗ್ಟನ್ ಅಲ್ಲಿಂದ ರೈಲಿನಲ್ಲಿ, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಮರುವರ್ಷದ ಜನವರಿ 12ರಂದು, ಕೊಲ್ಲಿ ಯುದ್ಧ ಇನ್ನೇನು ಶುರುವಾಗಲಿದ್ದಾಗ, ಪ್ರಯೋಗಾಲಯದ ಸಹಪಾಠಿಯೊಬ್ಬ ಶ್ವೇತಭವನದ ಎದುರಿನ ಲಾಫಯೆಟ್ ಉದ್ಯಾನಕ್ಕೆ ನನ್ನನ್ನು ಎಳೆದುಕೊಂಡು ಹೋದ. ಯುದ್ಧ ವಿರೋಧಿಗಳು ಆ ದಿನಗಳಲ್ಲಿ ಅಲ್ಲಿ ಡೋಲು, ಬಕೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದರು. ನಾನು ಹೋದದ್ದು ನಿಜವಾಗಿ ಆ ಡೋಲಿನ ಆಸೆಗೆ. ಕೊರೆಯುವ ಚಳಿಯಲ್ಲಿ, ಮಳೆಯಲ್ಲಿ, ವೇದಿಕೆಯ ಮೇಲೆ ನಾಲ್ವರು ನುಡಿಸತೊಡಗಿದರು. ಫುಗಾಜಿ ಎಂಬ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು. ಗಿಟಾರಿನವರಿಗಿಂತ ಹೆಚ್ಚಾಗಿ ನನ್ನ ಕಣ್ಣು ಡ್ರಮ್ಸಿನ ಬ್ರೆಂಡನ್ ಕ್ಯಾಂಟಿಯ ಮೇಲೆಯೇ ಇತ್ತು. ಆತ ಬಿಡುತ್ತಿದ್ದ ಜಾಗಗಳು, ಅಂದರೆ ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಅರ್ಧ ಅಕ್ಷರ ಕಾದು ಬೀಳುತ್ತಿದ್ದ ರೀತಿ, ನನಗೆ ನಮ್ಮ ಮೇಷ್ಟ್ರು ಎಡುಪು, ಅಂದರೆ ಹಾಡು ತಾಳದಲ್ಲಿ ಎತ್ತಿಕೊಳ್ಳುವ ಜಾಗ, ಹೇಳಿಕೊಡುತ್ತಿದ್ದ ಸಂಜೆಗಳನ್ನು ನೆನಪಿಗೆ ತಂದಿತು. ನಡುವೆ ನಿಂತು ಹಾಡುತ್ತಿದ್ದ ಬೋಳುತಲೆಯ ಗಿಟಾರಿಗನ ಹೆಸರು ಇಯನ್ ಮೆಕೈ ಎಂದೂ, ಆತ ತನ್ನದೇ ಲೇಬಲ್ ನಡೆಸುತ್ತಾನೆಂದೂ ಸಹಪಾಠಿ ವಾಪಸು ಬರುವಾಗ ಹೇಳಿದ.

ಆ ಲೇಬಲ್ ಡಿಸ್ಕಾರ್ಡ್. ಅದರ ಕತೆಯನ್ನು ಸ್ವಲ್ಪ ಹೇಳದೆ ನನ್ನ ಕತೆ ಹೇಳಲಾಗದು, ಏಕೆಂದರೆ ನಾವು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿಂದ ಎತ್ತಿಕೊಂಡದ್ದು. 1979ರಲ್ಲಿ ವಾಷಿಂಗ್ಟನ್ನಿನ ಶಾಲಾ ಹುಡುಗರು ಟೀನ್ ಐಡಲ್ಸ್ ಎಂಬ ತಂಡ ಕಟ್ಟಿದರು; ಮೆಕೈ ಅದರಲ್ಲಿ ಬಾಸ್ ನುಡಿಸುತ್ತಿದ್ದ, ಜೆಫ್ ನೆಲ್ಸನ್ ಡ್ರಮ್ಸ್. ಒಂದು ವರ್ಷ ಬಂದ ಹಣವನ್ನು ಯಾರೂ ಜೇಬಿಗೆ ಹಾಕಿಕೊಳ್ಳದೆ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. 1980ರ ಕೊನೆಯಲ್ಲಿ ತಂಡ ಒಡೆದಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಹಾಗೆ ಮಾಡದೆ, ಸತ್ತುಹೋದ ತಂಡದ ಎಂಟು ಹಾಡುಗಳನ್ನು ಏಳು ಇಂಚಿನ ರೆಕಾರ್ಡಿನಲ್ಲಿ 1,000 ಪ್ರತಿ ಅಚ್ಚು ಹಾಕಿಸಿದರು. ಡಿಸ್ಕಾರ್ಡ್‌ನ ಒಂದನೇ ಸಂಖ್ಯೆ ಅದೇ. ಧ್ವನಿಮುದ್ರಣ ಆದದ್ದು ಆರ್ಲಿಂಗ್ಟನ್ನಿನಲ್ಲಿ ಡಾನ್ ಜಿಯೆಂಟಾರಾ ಅವರ ಮನೆಯಲ್ಲಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ. ದಾರಿ ತೋರಿಸಿದವರು ರಾಕ್‌ವಿಲ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಸ್ಕಿಪ್ ಗ್ರಾಫ್. ಹೊದಿಕೆ ಹೇಗಿರಬೇಕೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ಇಂಗ್ಲೆಂಡಿನಿಂದ ಬಂದಿದ್ದ ಒಂದು ರೆಕಾರ್ಡಿನ ಹೊದಿಕೆಯ ಅಂಟು ಬಿಡಿಸಿ, ಹರಡಿ, ಅದರ ಅಂಚಿನ ಗೆರೆ ಎಳೆದುಕೊಂಡು, ಆ ಅಳತೆಗೆ ಮುದ್ರಿಸಿ, ಕತ್ತರಿಯಲ್ಲಿ ಕತ್ತರಿಸಿ, ಮಡಿಸಿ, ಕೈಯಾರೆ ಅಂಟಿಸಿದರು.

ಈ ಹೊದಿಕೆಯ ಕತೆಯನ್ನು ಮೊದಲ ಸಲ ಕೇಳಿದಾಗ ನನಗೆ ಆದ ಸಮಾಧಾನವನ್ನು ಹೇಳುವುದು ಕಷ್ಟ. ಬ್ಯಾಂಡ್, ಲೇಬಲ್, ರೆಕಾರ್ಡು ಎಂದರೆ ಅಮೆರಿಕದಲ್ಲಿ ಹುಟ್ಟಿ ಬೆಳೆದವರಿಗೆ ರಕ್ತದಲ್ಲೇ ಬಂದಿರುವ ವಿದ್ಯೆ ಎಂದು ನಾನು ತಿಳಿದಿದ್ದೆ. ಅವರೂ ಒಂದನ್ನು ಬಿಚ್ಚಿ ನೋಡಿ ಕಲಿತವರು ಎಂದಾದ ಮೇಲೆ ನಾನೂ ಬಿಚ್ಚಿ ನೋಡಬಹುದಿತ್ತು.

1992ರಲ್ಲಿ ಮೊದಲ ತಂಡ ಸೇರಿದೆ. ವಿಶ್ವವಿದ್ಯಾಲಯದ ಸೂಚನಾ ಫಲಕದಲ್ಲಿ ‘ಡ್ರಮ್ಮರ್ ಬೇಕು, ವೇಗ ಬೇಕು’ ಎಂಬ ಚೀಟಿ ಇತ್ತು. ವೇಗದ ವಿಷಯದಲ್ಲಿ ನನಗೆ ಧೈರ್ಯವಿತ್ತು. ಮೂರನೇ ಕಾಲದಲ್ಲಿ ತಕದಿಮಿ ಹೇಳಿ ಬೆಳೆದವನು. ಆದರೆ ಮೃದಂಗದ ವೇಗ ಬೆರಳಿನದು, ಡ್ರಮ್ಸಿನ ವೇಗ ಮಣಿಕಟ್ಟು ಮತ್ತು ಪಾದದ್ದು. ಹಾರ್ಡ್‌ಕೋರಿನ ಮೂಲ ನಡೆ ಕಾಗದದ ಮೇಲೆ ತೀರ ಸರಳ: ಪಾದಕ್ಕೊಂದು ಪೆಟ್ಟು, ಸ್ನೇರ್ ಎಂಬ ಚಿಕ್ಕ ಡ್ರಮ್ಮಿಗೊಂದು ಪೆಟ್ಟು, ಬಲಗೈ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳ ಮೇಲೆ ಬಿಡುವಿಲ್ಲದೆ. ಅದನ್ನು ಒಂದು ನಿಮಿಷ ಪೂರ್ತಿ, ಕೊಠಡಿಯ ಗೋಡೆ ಅದುರುವಷ್ಟು ಜೋರಾಗಿ, ವೇಗ ಓಡದಂತೆ ಕಾಯ್ದುಕೊಂಡು ನುಡಿಸುವುದು ಬೇರೆಯೇ ಮಾತು. ಮೊದಲ ತಿಂಗಳು ಹಾಡುಗಾರ ಪ್ರತಿ ಹಾಡಿನ ಕೊನೆಗೂ ತಿರುಗಿ ‘ನಿನ್ನ ಸದ್ದೇ ಕೇಳುತ್ತಿಲ್ಲ’ ಎನ್ನುತ್ತಿದ್ದ. ಕೈಯಲ್ಲಿ ಬೊಬ್ಬೆ ಎದ್ದವು. ಅದೇ ವಾರ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ದೇವರನಾಮಗಳಿಗೆ ಮೃದಂಗ ನುಡಿಸಬೇಕಿತ್ತು. ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕುಳಿತವನನ್ನು ನೋಡಿ ಹಾಡುತ್ತಿದ್ದ ಹಿರಿಯರು, ‘ಅಡುಗೆ ಮಾಡಿಕೊಳ್ಳೋವಾಗ ಹುಷಾರಪ್ಪ’ ಎಂದರು. ನಾನು ತಲೆಯಾಡಿಸಿದೆ.

ಹಣದ ವಿಷಯದಲ್ಲಿ ನನಗೊಂದು ವಿಚಿತ್ರ ಅನುಕೂಲವಿತ್ತು. ವಿದ್ಯಾರ್ಥಿ ವೀಸಾದಲ್ಲಿದ್ದವನು ಕ್ಯಾಂಪಸ್ಸಿನ ಹೊರಗೆ ಅನುಮತಿಯಿಲ್ಲದೆ ಸಂಪಾದಿಸುವಂತಿಲ್ಲ. ಹಾಗಾಗಿ ನನ್ನ ಪಾಲನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ನನ್ನದು ಡಬ್ಬಕ್ಕೆ ಹೋಗುವುದನ್ನು ನೋಡಿ ಉಳಿದವರೂ ನಾಚಿಕೆಗೆ ತಮ್ಮದನ್ನು ಅಲ್ಲಿಗೇ ಹಾಕತೊಡಗಿದರು. ನಾವು ಡಿಸ್ಕಾರ್ಡ್‌ನ ಆದರ್ಶವನ್ನು ಪಾಲಿಸಿದೆವು ಎಂದು ಆಮೇಲೆ ಕೆಲವರು ಹೊಗಳಿದ್ದಾರೆ. ಮೊದಲ ಕಾರಣ ವಲಸೆ ಇಲಾಖೆಯ ಭಯ. 2003ರಲ್ಲಿ ಗ್ರೀನ್ ಕಾರ್ಡ್ ಬರುವವರೆಗೆ ಲೇಬಲ್ ಕೂಡ ಕಾಗದಪತ್ರಗಳಲ್ಲಿ ನಮ್ಮ ಬಾಸ್ ವಾದಕನ ಹೆಸರಿನಲ್ಲೇ ಇತ್ತು.

ಮೊದಲ ತಂಡ ಹದಿನಾಲ್ಕು ತಿಂಗಳಿಗೆ ಮುಗಿಯಿತು, ಅದರ ನೆನಪಿಗೆ ಒಂದು ಕ್ಯಾಸೆಟ್ಟೂ ಸರಿಯಾಗಿ ಉಳಿದಿಲ್ಲ. ಎರಡನೆಯದು 1994ರಲ್ಲಿ ಶುರುವಾಯಿತು, ಮತ್ತು ನಾನು ಜೀವನದಲ್ಲಿ ನುಡಿಸಿದ ಒಳ್ಳೆಯ ಸಂಗೀತವೆಲ್ಲ ಅದರಲ್ಲೇ ಇದೆ. ನಾಲ್ವರು. ಹಯಾಟ್ಸ್‌ವಿಲ್‌ನ ಒಂದು ಬಾಡಿಗೆ ಮನೆಯಲ್ಲಿ ಬಾಸ್ ವಾದಕ ಮತ್ತು ನಾನು ಇದ್ದೆವು, ನೆಲಮಾಳಿಗೆಯಲ್ಲಿ ಅಭ್ಯಾಸ. ಈ ತಂಡದಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಮೆಕೈ 1980ರಲ್ಲಿ ಕಟ್ಟಿದ ಮೈನರ್ ಥ್ರೆಟ್ ತಂಡದ, ಒಂದು ನಿಮಿಷವೂ ಇಲ್ಲದ ಒಂದು ಹಾಡಿನಿಂದ ‘ಸ್ಟ್ರೇಟ್ ಎಡ್ಜ್’ ಎಂಬ ಮಾತು ಹುಟ್ಟಿತು. ಹೆಂಡ, ಸಿಗರೇಟು, ಮಾದಕ ವಸ್ತು ಬೇಡ ಎನ್ನುವವರು ತಮ್ಮನ್ನು ಹಾಗೆ ಕರೆದುಕೊಂಡರು. ವಯಸ್ಸಿಗೆ ಬಾರದವರಿಗೆ ಮದ್ಯ ಕೊಡಬಾರದೆಂದು ಕ್ಲಬ್ಬಿನವರು ಅವರ ಕೈಯ ಮೇಲೆ ದಪ್ಪಗೆ ‘ಎಕ್ಸ್’ ಗುರುತು ಹಾಕುತ್ತಿದ್ದ ಪದ್ಧತಿಯನ್ನು ಟೀನ್ ಐಡಲ್ಸ್ ಹುಡುಗರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಡು ಬಂದಿದ್ದರು. ವಾಷಿಂಗ್ಟನ್ನಿನಲ್ಲೂ ಹಾಗೆ ಗುರುತು ಹಾಕಿ ಚಿಕ್ಕವರನ್ನು ಒಳಗೆ ಬಿಡಿ ಎಂದು ಕೇಳಿದರು, ಆ ಗುರುತೇ ಮುಂದೆ ಇವರ ಲಾಂಛನವಾಯಿತು. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತಿತ್ತು. ನಮ್ಮ ಅಜ್ಜಿ ಹೊಸಿಲಲ್ಲಿ ನಿಂತು ಮೆತ್ತಗೆ ಹೇಳುತ್ತಿದ್ದುದನ್ನೇ ಇವರು ಗಂಟಲು ಹರಿಯುವಂತೆ ಕೂಗುತ್ತಿದ್ದರು, ಮತ್ತು ಅದು ಬಂಡಾಯವಾಗಿತ್ತು.

ಇನ್ನು ರೆಕಾರ್ಡು. ಧ್ವನಿಮುದ್ರಣ ನಡೆದದ್ದು ಪರಿಚಯದವರೊಬ್ಬರ ನೆಲಮಾಳಿಗೆಯಲ್ಲಿ, ಎಂಟು ಟ್ರ್ಯಾಕಿನ ಅರ್ಧ ಇಂಚು ಟೇಪ್ ಯಂತ್ರದಲ್ಲಿ, ಒಂದು ಶನಿವಾರ ಮತ್ತು ಒಂದು ಭಾನುವಾರ. ಟೇಪು ಕೂಡ ಸೆಕೆಂಡ್ ಹ್ಯಾಂಡ್. ಮುದ್ರಣಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ. ಟೇಪಿನಿಂದ ತಟ್ಟೆಯಾಗುವ ದಾರಿಯನ್ನು ನಾನು ಇಂಜಿನಿಯರನ ಕುತೂಹಲದಿಂದ ಓದಿಕೊಂಡಿದ್ದೆ. ಅಲ್ಯುಮಿನಿಯಂ ತಟ್ಟೆಯ ಮೇಲಿನ ಮೆತ್ತನೆಯ ಲ್ಯಾಕರ್ ಪದರದಲ್ಲಿ ಮೊದಲು ಗೀರು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ವಿದ್ಯುತ್ತಿನಿಂದ ನಿಕ್ಕಲ್ ಕೂರಿಸಿ, ಸುಲಿದು, ಗೀರಿನ ಪಡಿಯಚ್ಚು ಪಡೆಯುತ್ತಾರೆ. ಅದರಿಂದ ತಾಯಿತಟ್ಟೆ, ತಾಯಿತಟ್ಟೆಯಿಂದ ಸ್ಟ್ಯಾಂಪರ್. ಎರಡು ಸ್ಟ್ಯಾಂಪರುಗಳ ನಡುವೆ ಬಿಸಿ ಪಿವಿಸಿ ಮುದ್ದೆಯನ್ನಿಟ್ಟು ಒತ್ತಿದರೆ ಅರ್ಧ ನಿಮಿಷದಲ್ಲಿ ರೆಕಾರ್ಡು. ನಮ್ಮ ತಾಯಂದಿರು ಚಕ್ಕುಲಿ ಒರಳನ್ನು ಒತ್ತಿದ ಹಾಗೆಯೇ, ಹಿಟ್ಟಿನ ಹದ ಮತ್ತು ಬಿಸಿ ಕೆಟ್ಟರೆ ಎಲ್ಲ ಕೆಟ್ಟಿತು.

ನಾನು ಓದಿಕೊಳ್ಳದೇ ಇದ್ದದ್ದು ಹಾಡುಗಳ ಸರದಿಯ ವಿಚಾರ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ, ಮುಳ್ಳು ಒಳಗೆ ಹೋದಂತೆ ಒಂದು ಸುತ್ತಿಗೆ ಸಿಗುವ ಗೀರಿನ ಉದ್ದ ಕಡಿಮೆಯಾಗುತ್ತದೆ. ಅಷ್ಟೇ ಸದ್ದನ್ನು ಇನ್ನೂ ಇಕ್ಕಟ್ಟಾದ ಜಾಗದಲ್ಲಿ ಬರೆಯಬೇಕಾಗುತ್ತದೆ. ಡ್ರಮ್ಸಿನ ಲೋಹದ ತಟ್ಟೆಯಾದ ಸಿಂಬಲ್ಲಿನ ಚುರುಕು ಸದ್ದು, ‘ಸ’ಕಾರ ಇವೆಲ್ಲ ಅಲ್ಲಿ ಒಡೆಯುತ್ತವೆ. ನಾಟಕದ ಕೊನೆಯ ಅಂಕದಂತೆ ಇರಲಿ ಎಂದು ಅತಿ ವೇಗದ, ಅತಿ ಸಿಂಬಲ್ಲಿನ ಹಾಡನ್ನು ಎರಡನೇ ಬದಿಯ ತೀರ ಒಳಗೆ ಇರಿಸಿದವನು ನಾನೇ. ಪರೀಕ್ಷಾ ಪ್ರತಿ ಬಂದಾಗ ಆ ಹಾಡು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿತು. ಮತ್ತೆ ಕೊರೆಸಬೇಕೆಂದರೆ ಆ ಬದಿಯ ಲ್ಯಾಕರ್, ಲೇಪ ಎಲ್ಲದರ ಹಣ ಮತ್ತೆ ಕೊಡಬೇಕು. ಡಬ್ಬದಲ್ಲಿ ಅಷ್ಟಿರಲಿಲ್ಲ. ಹಾಗೆಯೇ ಬಿಟ್ಟೆವು. ಆ ಹಾಡನ್ನು ಮೆಚ್ಚಿ ‘ಅದರ ಒರಟುತನ ಅದ್ಭುತ’ ಎಂದು ಬರೆದವರಿಗೆ ನಾನು ಧನ್ಯವಾದ ಹೇಳಿ ಸುಮ್ಮನಾಗಿದ್ದೇನೆ.

ಹೊದಿಕೆಯ ಕೆಲಸಕ್ಕೆ ಅಮ್ಮ ಸಿಕ್ಕಿದರು. ಆ ಬೇಸಿಗೆಯಲ್ಲಿ ಅವರು ಮೊದಲ ಸಲ ಅಮೆರಿಕಕ್ಕೆ ಬಂದು ನಮ್ಮ ಜೊತೆ ಇದ್ದರು, ಮತ್ತು ನಾವು ತಟ್ಟೆಗಳು ಬರುವ ಮೊದಲೇ ಹೊದಿಕೆ ಸಿದ್ಧವಾಗಿರಲಿ ಎಂದು ಜೆರಾಕ್ಸ್ ಮಾಡಿಸಿದ ದಪ್ಪ ಹಾಳೆಗಳನ್ನು ಮನೆಗೆ ತಂದಿದ್ದೆವು. ಮೊದಲ ಸಂಜೆ ಬಾಸ್ ವಾದಕನೂ ನಾನೂ ಅಂಗಡಿಯ ಅಂಟಿನ ಕಡ್ಡಿ ಹಿಡಿದು ಕುಳಿತೆವು. ಎರಡು ಗಂಟೆಯಲ್ಲಿ ಮೂವತ್ತು ಹೊದಿಕೆ, ಅದರಲ್ಲಿ ಅರ್ಧ ಸೊಟ್ಟ. ಅಮ್ಮ ಸ್ವಲ್ಪ ಹೊತ್ತು ನೋಡಿ, ‘ಏಳು, ಆ ಹುಡುಗನ್ನೂ ಏಳಿಸು’ ಎಂದರು. ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಮೈಸೂರಿನ ಒಂದು ಮುದ್ರಣಾಲಯದಲ್ಲಿ ಬೈಂಡರ್ ಆಗಿದ್ದರು; ಅವರ ಪಕ್ಕ ಕುಳಿತು ಫಾರಂ ಮಡಿಸಿ ಬೆಳೆದ ಕೈ ಅದು. ಒಲೆಯ ಮೇಲೆ ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕದಡಿ, ಗಂಜಿಯ ಹದಕ್ಕೆ ಕುದಿಸಿ ಇಳಿಸಿದರು. ಹಾಳೆಗಳನ್ನು ಬೀಸಣಿಗೆಯಂತೆ ಒಂದರ ಕೆಳಗೊಂದು ಅರ್ಧ ಅಂಗುಲ ಮಾತ್ರ ಕಾಣುವ ಹಾಗೆ ಜಾರಿಸಿ ಇಟ್ಟು, ಇಪ್ಪತ್ತು ಹಾಳೆಯ ಅಂಚಿಗೂ ಒಂದೇ ಎಳೆತಕ್ಕೆ ಅಂಟು ಸವರಿದರು. ಚಮಚದ ಬೆನ್ನಿನಿಂದ ಮಡಿಕೆಯನ್ನು ಒಮ್ಮೆ ಉಜ್ಜಿ ಬದಿಗಿಟ್ಟರು. ಮೂರು ದಿನಕ್ಕೆ ಐದುನೂರೂ ಮುಗಿದವು. ನಡುವೆ ಒಮ್ಮೆ ಕೆಳಗಿನಿಂದ ನಮ್ಮ ಅಭ್ಯಾಸದ ಸದ್ದು ನಿಂತಾಗ ಮೆಟ್ಟಿಲ ಬಳಿ ಬಂದು ಕೇಳಿದರು: ‘ಇಷ್ಟೊಂದು ಗದ್ದಲಕ್ಕೆ ಇಷ್ಟು ನಾಜೂಕಾದ ಲಕೋಟೆ ಯಾಕೋ?’

ಅಂಟು ಇಳಿಸುವಾಗ ಅವರು ಒಂದು ಮಾತು ಹೇಳಿದ್ದರು: ‘ಒಂದು ಚಿಟಿಕೆ ಮೈಲುತುತ್ತ ಇದ್ದಿದ್ರೆ ಹುಳ ಬರ್ತಿರಲಿಲ್ಲ ಕಣೋ.’ ಮೇರಿಲ್ಯಾಂಡಿನಲ್ಲಿ ಮೈಲುತುತ್ತ ಎಲ್ಲಿ ಹುಡುಕುವುದು ಎಂದು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. 1998ರಲ್ಲಿ, ನೆಲಮಾಳಿಗೆಯ ಮೂಲೆಯಲ್ಲಿದ್ದ ಕೊನೆಯ ಪೆಟ್ಟಿಗೆ ತೆರೆದಾಗ ಮೂವತ್ತು ಹೊದಿಕೆಗಳ ಅಂಚನ್ನು ಬೆಳ್ಳಿ ಹುಳುಗಳು ಅಚ್ಚುಕಟ್ಟಾಗಿ ಮೆದ್ದು, ಅಂಟಿದ್ದ ಕಡೆ ಮಾತ್ರ ಜಾಲರಿ ಮಾಡಿದ್ದವು. ಮೈದಾದ ರುಚಿ ಅವಕ್ಕೂ ಗೊತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಲೇಬಲ್ ನಡೆಸುವುದು ಎಂದರೆ ಹತ್ತರಲ್ಲಿ ಎಂಟು ಪಾಲು ಇದೇ. ಲ್ಯಾಕರ್ ಮತ್ತು ಲೇಪಕ್ಕೆ 230 ಡಾಲರ್, ಪರೀಕ್ಷಾ ಪ್ರತಿಗೆ 30, ನಡುವಿನ ಗುಂಡು ಲೇಬಲ್‌ಗಳಿಗೆ 70, ಒತ್ತುವುದಕ್ಕೆ 240, ಲಾರಿ ಸಾಗಣೆಗೆ 40, ಹೊದಿಕೆಯ ಹಾಳೆ ಮತ್ತು ಜೆರಾಕ್ಸ್‌ಗೆ 45. ತಟ್ಟೆಯೊಂದಕ್ಕೆ ಬಿದ್ದದ್ದು ಒಂದು ಡಾಲರ್ 31 ಸೆಂಟ್. ಮಾರುವ ಬೆಲೆ 3 ಡಾಲರ್, ಅಂಚೆಯ ಖರ್ಚೂ ಅದರಲ್ಲೇ. ಅಂಗಡಿಯವರು ಮೇಲೆ ಹಾಕಿಕೊಳ್ಳದಿರಲಿ ಎಂದು ಆ ಬೆಲೆಯನ್ನು ಹೊದಿಕೆಯ ಹಿಂಬದಿಗೇ ಅಚ್ಚು ಹಾಕಿದ್ದೆವು. ಇದೂ ಡಿಸ್ಕಾರ್ಡ್‌ನವರಿಂದ ಕಲಿತದ್ದೇ. 500ರಲ್ಲಿ 100 ತಂಡದವರಿಗೆ, 40 ಪತ್ರಿಕೆಗಳಿಗೆ ಮತ್ತು ಡಬ್ಲ್ಯೂಎಂಯುಸಿಯಂಥ ವಿದ್ಯಾರ್ಥಿ ರೇಡಿಯೋಗಳಿಗೆ ಉಚಿತವಾಗಿ ಹೋದವು. ಕಛೇರಿಗಳಲ್ಲಿ 150 ಮಾರಾಟವಾಗಿ 450 ಡಾಲರ್ ಬಂತು. ಅಂಚೆಯಲ್ಲಿ 110 ಹೋದವು; ಒಂದಕ್ಕೆ ಒಂದು ಡಾಲರ್ 20 ಸೆಂಟಿನಂತೆ ರಟ್ಟು ಮತ್ತು ಅಂಚೆಚೀಟಿ ಕಳೆದರೆ ಉಳಿದದ್ದು 198. ಉಳಿದ 100 ಪ್ರತಿಯನ್ನು ಒಂದು ಡಾಲರ್ 80 ಸೆಂಟಿನಂತೆ ಇಬ್ಬರು ವಿತರಕರಿಗೆ ಕೊಟ್ಟೆವು. ಅವರಲ್ಲೊಬ್ಬ 40 ಪ್ರತಿಯ 72 ಡಾಲರನ್ನು ಹೇಳಿದ ದಿನ ಕಳಿಸಿದ; 60 ಪ್ರತಿ ಒಯ್ದವನು ಅಂಗಡಿ ಮುಚ್ಚಿ, ಫೋನ್ ತೆಗೆಯುವುದನ್ನೂ ನಿಲ್ಲಿಸಿದ. ಒಟ್ಟು ಬಂದದ್ದು 720, ಖರ್ಚು 655, ಲಾಭ 65 ಡಾಲರ್. ಅರ್ಧ ಲೇಬಲ್ಲಿಗೆ, ಅರ್ಧ ತಂಡಕ್ಕೆ. 32 ಡಾಲರ್ 50 ಸೆಂಟನ್ನು ನಾಲ್ವರಿಗೆ ಹಂಚಿದರೆ ತಲೆಗೆ 8 ಡಾಲರ್ 12 ಸೆಂಟ್; ಮಿಕ್ಕ ಎರಡು ಸೆಂಟ್ ಡಬ್ಬಕ್ಕೆ ಹೋಯಿತು, ನನ್ನ ಪಾಲಿನ ಜೊತೆಗೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು 1999ರ ವಸಂತದಲ್ಲಿ ಎಲ್ಲರಿಗೂ ಕಳಿಸಿದೆ. ಆ ಹೊತ್ತಿಗೆ ತಂಡ ಒಡೆದು ಒಂದೂವರೆ ವರ್ಷವಾಗಿತ್ತು, ಗಿಟಾರ್ ನುಡಿಸುವವನಿಗೂ ಹಾಡುವವನಿಗೂ ಮಾತು ಬಿಟ್ಟಿತ್ತು. ಲೆಕ್ಕದ ಹಾಳೆ ಇಬ್ಬರಿಗೂ ಒಂದೇ ದಿನ ತಲುಪಿತು, ಅದರ ಬಗ್ಗೆ ಇಬ್ಬರೂ ತಕರಾರು ಮಾಡಲಿಲ್ಲ. ನಾನು ಆಗಿನಿಂದ ಗಮನಿಸುತ್ತ ಬಂದದ್ದು ಇದು: ಮೆಕೈ ಟೀನ್ ಐಡಲ್ಸ್, ಮೈನರ್ ಥ್ರೆಟ್, ಎಂಬ್ರೇಸ್, ಫುಗಾಜಿ ಎಂದು ತಂಡದ ಮೇಲೆ ತಂಡ ಕಟ್ಟಿದಾಗಲೂ, ಮುಂದೆ ಈವನ್ಸ್, ಕೊರಿಕಿ ಎಂದು ಬೇರೆ ಬೇರೆ ಜೊತೆಗಾರರೊಡನೆ ನುಡಿಸಿದಾಗಲೂ, ಹಳೆಯ ರೆಕಾರ್ಡುಗಳು ಸಿಗುತ್ತಲೇ ಇದ್ದವು, ಯಾರ ಪಾಲು ಯಾರಿಗೆ ಎಂಬ ಲೆಕ್ಕವೂ ಮುಂದುವರಿಯಿತು. ಮೈನರ್ ಥ್ರೆಟ್ ಬಾಳಿದ್ದು 1983ರವರೆಗೆ, ಮೂರೇ ವರ್ಷ. ಅದರ ಹಾಡುಗಳನ್ನು ಇಂದಿಗೂ ಆ ಲೇಬಲ್ಲಿನಿಂದಲೇ ಕೊಳ್ಳಬಹುದು. ಆ ಲೇಬಲ್ಲಿನ ಇನ್ನೊಬ್ಬ ಮಾಲೀಕ ಜೆಫ್ ನೆಲ್ಸನ್ ಡ್ರಮ್ಮರ್ ಎಂಬುದು ನನಗೆ ಕೊಂಚ ಹೆಮ್ಮೆಯ ವಿಷಯ. ತಾಳ ಹಿಡಿದವನಿಗೆ ಎಣಿಕೆ ತಪ್ಪಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ಡಿಸ್ಕಾರ್ಡ್‌ನ ದಾರಿ ಬಿಟ್ಟಿದ್ದೇನೆ. ಅವರು ತಂಡಗಳೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಮಾತೇ ಸಾಕು. ವಾಷಿಂಗ್ಟನ್ ಪ್ರದೇಶದ ತಂಡಗಳನ್ನಷ್ಟೇ ಹೊರತರುವ, ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ ಅದು ನಡೆಯುತ್ತದೆ. ನಾನು ಮೊದಲ ನಾಲ್ಕು ರೆಕಾರ್ಡುಗಳಿಗೆ ಹಾಗೆಯೇ ಮಾಡಿದೆ. ಐದನೆಯದರ ಹೊತ್ತಿಗೆ, ಬೇರೆ ರಾಜ್ಯದಿಂದ ಬಂದ ಒಂದು ತಂಡದ ಇಬ್ಬರು ಸದಸ್ಯರು ಒಂದೇ ಹಾಡು ತಮ್ಮದೆಂದು ನನಗೆ ಬೇರೆಬೇರೆಯಾಗಿ ಪತ್ರ ಬರೆದಾಗ, ಮಾತು ಆಡಿದ್ದು ಯಾರ ಜೊತೆ ಎಂದೇ ನನಗೆ ನೆನಪಿರಲಿಲ್ಲ. ಆಮೇಲಿನಿಂದ ಒಂದು ಪುಟದ ಒಪ್ಪಿಗೆ ಪತ್ರ ಇಟ್ಟುಕೊಂಡಿದ್ದೇನೆ: ಹಾಡು ನಿಮ್ಮದು, ನಿಮಗೆ ಬೇಡವಾದಾಗ ಹೇಳಿ, ಲಾಭ ಅರ್ಧ ಅರ್ಧ, ಲೆಕ್ಕ ವರ್ಷಕ್ಕೊಮ್ಮೆ. ಆದರ್ಶ ಕಡಿಮೆಯಾಯಿತು ಎಂದು ಹೇಳುವವರಿದ್ದಾರೆ. ಮೈಸೂರಿನಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳ ನೋಡಿ ಬೆಳೆದ ನನಗೆ ಕಾಗದದ ಮೇಲೆ ಒಂದು ವಿಶ್ವಾಸವಿದೆ.

ಮೂರನೆಯ ತಂಡ 2001ರಿಂದ 2006ರವರೆಗೆ ಇತ್ತು. ಮದುವೆ, ಮಗು, ಉದ್ಯೋಗ ಇವುಗಳ ನಡುವೆ ವರ್ಷಕ್ಕೆ ಆರೇಳು ಕಛೇರಿ, ಎರಡು ರೆಕಾರ್ಡು. ನಾವು ಟಿಕೆಟ್ಟನ್ನು 5 ಡಾಲರಿಗೆ ಮೀರಿಸಲಿಲ್ಲ, ಎಲ್ಲ ವಯಸ್ಸಿನವರನ್ನೂ ಬಿಡಿ ಎಂದು ಪ್ರತಿ ಸಲ ಕೇಳುತ್ತಿದ್ದೆವು. ಫುಗಾಜಿಯ ಐದು ಡಾಲರ್ ಪದ್ಧತಿ ಸಾವಿರಾರು ಜನ ಬರುವ ತಂಡಕ್ಕೆ ಹೇಗೆ ನಡೆಯುತ್ತಿತ್ತೆಂದು ಬಹಳ ಮಂದಿ ಕೇಳುತ್ತಾರೆ. ಮ್ಯಾನೇಜರ್ ಇಲ್ಲ, ಟೀ ಶರ್ಟ್ ವ್ಯಾಪಾರ ಇಲ್ಲ, ಎಲ್ಲವನ್ನೂ ತಾವೇ ಗೊತ್ತುಮಾಡಿಕೊಳ್ಳುತ್ತಿದ್ದರು ಎಂಬುದರಲ್ಲೇ ಉತ್ತರವಿದೆ. ಐವತ್ತು ಜನ ಬರುವ ನಮಗೆ ಅದು ಇನ್ನೂ ಸುಲಭ: ಪೆಟ್ರೋಲಿಗೆ ಸಾಲದಿದ್ದರೆ ಸಂಬಳದಿಂದ ಹಾಕಿದೆವು. ಅದನ್ನು ತತ್ವವೆಂದು ಮೆರೆಸುವುದು ನನಗೆ ಇಷ್ಟವಿಲ್ಲ.

2011ರಲ್ಲಿ ಫುಗಾಜಿಯವರು ತಮ್ಮ ಕಛೇರಿಗಳ ಧ್ವನಿಮುದ್ರಣಗಳನ್ನು ಒಂದೊಂದಾಗಿ ಸಾರ್ವಜನಿಕರಿಗೆ ಕೊಡತೊಡಗಿದರು. 1987ರಿಂದ 2002ರವರೆಗೆ ನುಡಿಸಿದ ಸಾವಿರಕ್ಕೂ ಮಿಕ್ಕಿದ ಕಛೇರಿಗಳಲ್ಲಿ 800ಕ್ಕೂ ಹೆಚ್ಚಿನವು ಟೇಪಿನಲ್ಲಿ ಉಳಿದಿದ್ದವು. ಅದನ್ನು ಕಂಡು ನಾನೂ ನಮ್ಮ ಹಳೆಯ ಟೇಪುಗಳನ್ನು ಹೊರತೆಗೆದೆ. 1996ರ ಅರ್ಧ ಇಂಚಿನ ಮೂಲ ಟೇಪು ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಕೂಗಿ ನಿಂತುಬಿಡುತ್ತಿತ್ತು. ಆ ಕಾಲದ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ವರ್ಷಗಳು ಕಳೆದಂತೆ ತೇವ ಹೀರಿ ಜಿಗುಟಾಗುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ನುಡಿಯುತ್ತದೆ. ಇದಕ್ಕೆ ಜನ ಹಣ್ಣು ಒಣಗಿಸುವ ವಿದ್ಯುತ್ ಯಂತ್ರ ಬಳಸುತ್ತಾರೆ. ನಮ್ಮ ಮನೆಯಲ್ಲಿ ಅದು ಇತ್ತು, ಮೇರಿಲ್ಯಾಂಡಿನ ಬಿಸಿಲನ್ನು ನಂಬಲಾಗದೆ ನನ್ನ ಹೆಂಡತಿ ಅರಳು ಸಂಡಿಗೆ ಒಣಗಿಸಲು ತರಿಸಿಕೊಂಡದ್ದು. ಆ ಯಂತ್ರದ ತಟ್ಟೆಗಳನ್ನು ಚೆನ್ನಾಗಿ ತೊಳೆದು, ನಡುವಿನ ಎರಡನ್ನು ತೆಗೆದು ಟೇಪಿನ ಸುರುಳಿಗೆ ಜಾಗ ಮಾಡಿ, ಎಂಟು ಗಂಟೆ ಇಟ್ಟೆ. ಮನೆ ತುಂಬ ಇಂಗು ಮತ್ತು ಹಳೆಯ ಪ್ಲಾಸ್ಟಿಕ್ಕಿನ ವಾಸನೆ. ಮರುದಿನ ಎಂಟು ಹಾಡೂ ಒಂದು ಉಸಿರಿಗೆ ನುಡಿದವು. ಎರಡನೇ ಬದಿಯ ಕೊನೆಯ ಹಾಡಿನ ಸಿಂಬಲ್ಲುಗಳನ್ನು ನಾನು ಸರಿಯಾಗಿ ಕೇಳಿದ್ದು ಅಂದೇ.

2020ರ ಫೆಬ್ರುವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಲ್ಯಾಕರ್ ತಟ್ಟೆ ತಯಾರಿಸುವವರು ಜಗತ್ತಿನಲ್ಲಿ ಇದ್ದದ್ದೇ ಇಬ್ಬರು; ಇನ್ನೊಬ್ಬರು ಜಪಾನಿನವರು. ಅದರ ಮೇಲೆ ಕೋವಿಡ್, ಅದರ ಮೇಲೆ ದೊಡ್ಡ ಕಂಪನಿಗಳು ಮತ್ತೆ ರೆಕಾರ್ಡಿನತ್ತ ತಿರುಗಿದ್ದು. ನಮ್ಮ ಮೊದಲ ರೆಕಾರ್ಡಿನ ಮರುಮುದ್ರಣಕ್ಕೆ 300 ಪ್ರತಿ ಕೇಳಿ ಹಣ ಕಟ್ಟಿದ ಮೇಲೆ ಹತ್ತು ತಿಂಗಳು ಕಾದೆ. ಈ ಸಲ ಹಾಡುಗಳ ಸರದಿ ಬದಲಾಯಿಸಿ, ಆ ಗದ್ದಲದ ಹಾಡನ್ನು ಎರಡನೇ ಬದಿಯ ಮೊದಲಿಗೆ ತಂದಿದ್ದೇನೆ. ಹಳೆಯ ಪ್ರತಿಯೇ ಚೆನ್ನಾಗಿತ್ತು ಎಂದು ಇಬ್ಬರು ಬರೆದಿದ್ದಾರೆ. ಹೊದಿಕೆಯನ್ನು ಮುದ್ರಕರೇ ಮಡಿಸಿ ಅಂಟಿಸಿ ಕೊಟ್ಟರು. ಒಂದನ್ನು ಮೈಸೂರಿಗೆ ಕಳಿಸಿದ್ದೆ, ಅಮ್ಮ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ, ‘ಯಂತ್ರದ್ದು’ ಎಂದರಂತೆ.

ಪ್ರತಿ ಜನವರಿಯಲ್ಲಿ ಲೆಕ್ಕದ ಹಾಳೆ ಕಳಿಸುವುದನ್ನು ಇಂದಿಗೂ ಬಿಟ್ಟಿಲ್ಲ. 2024ರಲ್ಲಿ ಆ ರೆಕಾರ್ಡಿನಿಂದ ಖರ್ಚು ಕಳೆದು 92 ಡಾಲರ್ ಉಳಿಯಿತು. ತಂಡದ ಪಾಲು 46, ತಲೆಗೆ 11 ಡಾಲರ್ 50 ಸೆಂಟ್. ಬಾಸ್ ವಾದಕ ತನ್ನ ಚೆಕ್ಕನ್ನು ಬಂದ ದಿನವೇ ಬ್ಯಾಂಕಿಗೆ ಹಾಕುತ್ತಾನೆ, ಹಾಡುಗಾರ ಮಾರ್ಚಿನೊಳಗೆ. ಈಗ ಆರೆಗನ್ನಿನಲ್ಲಿರುವ ಗಿಟಾರಿನವನು ಯಾವುದನ್ನೂ ಹಾಕುವುದಿಲ್ಲ. ಎಲ್ಲವನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ, ಚೆನ್ನಾಗಿ ಕಾಣುತ್ತದೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದ. ಇದರಿಂದ ನನ್ನ ಪುಸ್ತಕ ಯಾವ ವರ್ಷವೂ ಸರಿಹೊಂದುವುದಿಲ್ಲ. ‘ಕೊಡಬೇಕಾದದ್ದು’ ಎಂಬ ಕಾಲಮಿನಲ್ಲಿ ಅವನ ಹೆಸರಿನ ಮುಂದೆ ಸದ್ಯಕ್ಕೆ 143 ಡಾಲರ್ 50 ಸೆಂಟ್ ನಿಂತಿದೆ.